ಬೆಳಗಿನ ಆರರ ಶಿಫ್ಟು, ಹಿಂದಿನ ರಾತ್ರಿಯ ಕ್ವಾರ್ಟರು

ಕಾರ್ಖಾನೆಯಲ್ಲಿ ಕುಡಿತದ ಮಾತು ಎರಡೇ ಹೊತ್ತಿನಲ್ಲಿ ಬಾಯಿಗೆ ಬರುತ್ತದೆ: ಯಾರಿಗಾದರೂ ಪೆಟ್ಟು ಬಿದ್ದಾಗ, ಇಲ್ಲವೇ ಯಾರನ್ನಾದರೂ ಕೆಲಸದಿಂದ ತೆಗೆದಾಗ. ಅದಕ್ಕೆ ಮುಂಚಿನ ಮೂರು ನಾಲ್ಕು ವರ್ಷ ಆ ಮನುಷ್ಯನ ವಿಷಯ ಲೈನಿನಲ್ಲಿದ್ದ ಎಲ್ಲರಿಗೂ ಗೊತ್ತಿರುತ್ತದೆ. ತಡವಾಗಿ ಬಂದ ದಿನ ಪಕ್ಕದವರು ಅವರ ಮಷಿನನ್ನೂ ನೋಡಿಕೊಂಡಿರುತ್ತಾರೆ. ಸೂಪರ್‌ವೈಸರ್ ಗೈರುಹಾಜರಿಯನ್ನು ಹೇಗೋ ರಜೆಗೆ ಹೊಂದಿಸಿರುತ್ತಾರೆ. "ಕೈಕೆಲಸದಲ್ಲಿ ಅವರನ್ನ ಮೀರಿಸೋರಿಲ್ಲ, ಅದೊಂದು ಇಲ್ದಿದ್ರೆ..." ಅಂತ ಎಲ್ಲರೂ ಅಲ್ಲಿಗೇ ಮಾತು ನಿಲ್ಲಿಸಿರುತ್ತಾರೆ. ಇಷ್ಟು ವರ್ಷ ಮುಚ್ಚಿಟ್ಟು ಒಂದು ದಿನ ಏಕಾಏಕಿ ಚಾರ್ಜ್‌ಶೀಟ್ ಕೈಗಿಡುವುದು ಎಷ್ಟೋ ಕಡೆ ನಡೆದುಬಂದ ರೂಢಿ. ಮುಚ್ಚಿಡುವುದಕ್ಕೂ ತೆಗೆದುಹಾಕುವುದಕ್ಕೂ ನಡುವೆ ಮಾಡಬೇಕಾದ ಕೆಲಸ ಬಹಳ ಇದೆ, ಅದನ್ನು ಮಾಡುವವರು ಕಡಿಮೆ. ಈ ಬರಹ ಆ ನಡುವಿನ ಕೆಲಸದ ಬಗ್ಗೆ.

ಕುಡಿತ ಚಟಕ್ಕೆ ತಿರುಗುತ್ತಿರುವುದನ್ನು ಎಲ್ಲರಿಗಿಂತ ಮೊದಲು ದಾಖಲಿಸುವುದು ಹಾಜರಿ ಪುಸ್ತಕ. ಮನೆಯವರು ಮರ್ಯಾದೆಗೆ ಅಂಜಿ ಹೊರಗೆ ಹೇಳುವುದಿಲ್ಲ. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಲಿವರ್ ಕೆಟ್ಟಿರುತ್ತದೆ. ಆದರೆ ಸಂಬಳದ ಮಾರನೇ ದಿನದ ರಜೆ, ಸೋಮವಾರದ ರಜೆ, ವಾರದ ರಜೆಗೆ ಹಿಂದೆ ಮುಂದೆ ಅಂಟಿಕೊಂಡ ಒಂದೊಂದು ದಿನದ ಹೊಟ್ಟೆನೋವು, ಇವೆಲ್ಲ ಆರು ತಿಂಗಳ ಹಾಜರಿಯನ್ನು ಒಂದು ಹಾಳೆಯಲ್ಲಿ ಹರವಿದರೆ ಕಣ್ಣಿಗೆ ರಾಚುತ್ತವೆ. ಹೆಂಡತಿಯ ಮಾತಿಗೂ ಡಾಕ್ಟರ ಎಚ್ಚರಿಕೆಗೂ ಬಗ್ಗದವರು ಕೆಲಸ ಹೋಗುತ್ತದೆ ಎಂಬ ಭಯಕ್ಕೆ ಚಿಕಿತ್ಸೆಗೆ ಹೊರಡುತ್ತಾರೆ. ಹಾಗಾಗಿಯೇ ಕೆಲಸವನ್ನು ಮೊದಲ ದಿನವೇ ಕಿತ್ತುಕೊಳ್ಳಬಾರದು ಅನ್ನುವುದು ನನ್ನ ವಾದ. ಕೆಲಸ ಹೋದ ಮೇಲೆ ಆ ಮನುಷ್ಯನನ್ನು ಚಿಕಿತ್ಸೆಗೆ ಎಳೆಯಲು ಯಾರ ಕೈಯಲ್ಲೂ ಏನೂ ಉಳಿಯುವುದಿಲ್ಲ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ 10ರಿಂದ 75 ವಯಸ್ಸಿನವರಲ್ಲಿ ಶೇ 14.6 ಮಂದಿ, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಗಂಡಸರಲ್ಲಿ ಇದು ಶೇ 27.3. ಮದ್ಯಕ್ಕೆ ಪೂರ್ತಿ ಅವಲಂಬಿತರಾದವರು ಶೇ 2.7. ಈ ಅವಲಂಬಿತರಲ್ಲಿ ಯಾವುದೇ ಬಗೆಯ ಚಿಕಿತ್ಸೆ ಸಿಕ್ಕಿದೆ ಎಂದವರು 38ಕ್ಕೆ ಒಬ್ಬರು. ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಉಳಿದವರೆಲ್ಲ ಎಲ್ಲಿದ್ದಾರೆ ಅಂದರೆ ಅವರಲ್ಲಿ ಬಹಳ ಮಂದಿ ಕೆಲಸದಲ್ಲೇ ಇದ್ದಾರೆ. ಪೀಣ್ಯದ ವರ್ಕ್‌ಶಾಪಿನಲ್ಲಿ, ಬೆಳಗಾವಿಯ ಫೌಂಡ್ರಿಯಲ್ಲಿ, ಬಸ್ ಡಿಪೋದಲ್ಲಿ, ಕೊಡಗಿನ ತೋಟದಲ್ಲಿ, ಐಟಿ ಕಂಪನಿಯ ಏಳನೇ ಮಹಡಿಯಲ್ಲಿ ಕೂಡ.

ಮೊದಲು ಅಳತೆಯ ವಿಚಾರ. ಇದು ಗೊತ್ತಿಲ್ಲದೆ ಕೆಲಸದ ಜಾಗದಲ್ಲಿ ಕುಡಿತದ ಬಗ್ಗೆ ಮಾತಾಡಿ ಪ್ರಯೋಜನವಿಲ್ಲ.

ನಮ್ಮಲ್ಲಿ ಒಂದು ಡ್ರಿಂಕ್ ಅಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್ ಎಂದು ಲೆಕ್ಕ. ಶೇ 42.8 ಕಡುಪಿನ ವಿಸ್ಕಿ, ರಮ್, ಬ್ರಾಂಡಿಯಾದರೆ 30 ಎಂಎಲ್‌ನಲ್ಲಿ ಅಷ್ಟಿರುತ್ತದೆ. ಅಂದರೆ ಒಂದು ನೈಂಟಿಗೆ (90 ಎಂಎಲ್) ಮೂರು ಡ್ರಿಂಕ್, ಒಂದು ಕ್ವಾರ್ಟರಿಗೆ (180 ಎಂಎಲ್) ಆರು. ಶೇ 8ರ ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿಯಲ್ಲಿ ನಾಲ್ಕು ಡ್ರಿಂಕ್ ಇದೆ. "ಬರೀ ಬಿಯರು" ಎನ್ನುವವರಿಗೆ ಇದನ್ನು ಹೇಳಬೇಕು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತ ಮೇಲೆ ದುಡಿಯುವವರ ಕೈಗೆ ಬಂದದ್ದು ಅಗ್ಗದ ವಿಸ್ಕಿ, ಬ್ರಾಂಡಿಯ ಈ ಚಿಕ್ಕ ಪೊಟ್ಟಣಗಳೇ. ಹಾಗಾಗಿ ಇಲ್ಲಿ ಲೆಕ್ಕ ಕೇಳುವಾಗ ಪೆಗ್ಗಿನಲ್ಲಿ ಕೇಳಬಾರದು, ಪೊಟ್ಟಣದಲ್ಲಿ ಕೇಳಬೇಕು.

ಈಗ ಎಪ್ಪತ್ತು ಕಿಲೋ ತೂಕದ ಗಂಡಸೊಬ್ಬರು ರಾತ್ರಿ ಎಂಟಕ್ಕೆ ಶುರುಮಾಡಿ ಹನ್ನೊಂದರೊಳಗೆ ಎರಡು ಕ್ವಾರ್ಟರ್ ಮುಗಿಸಿದರು ಅಂದುಕೊಳ್ಳಿ. ಒಟ್ಟು 120 ಗ್ರಾಂ ಆಲ್ಕೋಹಾಲ್. ಕರಗುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ರಕ್ತದಲ್ಲಿ ಅದು 100 ಎಂಎಲ್‌ಗೆ 250 ಮಿಲಿಗ್ರಾಂ ಹತ್ತಿರ ಆಗುತ್ತದೆ. ಲಿವರ್ ಅದನ್ನು ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಇಳಿಸುತ್ತದೆ. ತಣ್ಣೀರ ಸ್ನಾನ, ನಿಂಬೆ ರಸ, ಫಿಲ್ಟರ್ ಕಾಫಿ ಯಾವುದೂ ಅದನ್ನು ಅವಸರ ಮಾಡುವುದಿಲ್ಲ. ಎಂಟರಿಂದ ಆರರವರೆಗೆ ಹತ್ತು ಗಂಟೆ, ಹತ್ತು ಗಂಟೆಗೆ 150 ಇಳಿದರೂ ಬೆಳಿಗ್ಗೆ ಆರಕ್ಕೆ 100 ಉಳಿದಿರುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮು ಚಾಲಕರಿಗೆ ಇಟ್ಟ ಮಿತಿ 30. ದಿನಾ ಕುಡಿಯುವವರ ಲಿವರ್ ಗಂಟೆಗೆ 20ರಂತೆ ಇಳಿಸಿದರೂ ಉಳಿಯುವುದು 50. ಆ ಮನುಷ್ಯ ನಿದ್ದೆ ಮಾಡಿದ್ದಾರೆ, ಸ್ನಾನ ಮಾಡಿದ್ದಾರೆ, ಇಡ್ಲಿ ತಿಂದಿದ್ದಾರೆ, ಅವರ ಲೆಕ್ಕದಲ್ಲಿ ಕುಡಿದದ್ದು ನಿನ್ನೆ. ಮೈ ಒಗ್ಗಿಹೋಗಿರುವುದರಿಂದ ತೊದಲುವುದಿಲ್ಲ, ತೂರಾಡುವುದಿಲ್ಲ. ಗೇಟಿನಲ್ಲಿ ಸೆಕ್ಯುರಿಟಿಗೆ ನಮಸ್ಕಾರ ಹೇಳಿ ನೇರವಾಗಿ ಪವರ್ ಪ್ರೆಸ್ ಮುಂದೆ ನಿಲ್ಲುತ್ತಾರೆ. "ಕೆಲಸದ ವೇಳೆಯಲ್ಲಿ ಕುಡಿಯಬಾರದು" ಎಂದು ಮಾತ್ರ ಬರೆದ ನಿಯಮ ಇವರನ್ನು ಮುಟ್ಟುವುದೇ ಇಲ್ಲ. ನಿಯಮದಲ್ಲಿ ಇರಬೇಕಾದ್ದು "ಕೆಲಸಕ್ಕೆ ಬರುವಾಗ ಮೈಯಲ್ಲಿ ಮದ್ಯ ಇರಬಾರದು" ಎಂಬ ಮಾತು, ಅದರ ಕೆಳಗೆ ಮೇಲಿನ ಲೆಕ್ಕ. ಈ ಲೆಕ್ಕವನ್ನು ಶಿಫ್ಟಿಗೆ ಮುಂಚಿನ ಸುರಕ್ಷತೆಯ ಟೂಲ್‌ಬಾಕ್ಸ್ ಮೀಟಿಂಗಿನಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದರೆ ಹತ್ತು ನಿಮಿಷ ಸಾಕು. ನೀತಿಪಾಠಕ್ಕಿಂತ ಇದು ಬೇಗ ನಾಟುತ್ತದೆ, ಏಕೆಂದರೆ ಮಿತವಾಗಿ ಕುಡಿಯುವವರಿಗೂ ತಮ್ಮ ಮಾರನೇ ಬೆಳಗಿನ ಲೆಕ್ಕ ಗೊತ್ತಿರುವುದಿಲ್ಲ.

ವಿಮಾನದವರು ಇದನ್ನು ಬಹಳ ಹಿಂದೆಯೇ ಒಪ್ಪಿಕೊಂಡರು. ಹಾರಾಟಕ್ಕೆ ಮುಂಚಿನ 12 ಗಂಟೆ ಮದ್ಯ ಮುಟ್ಟುವಂತಿಲ್ಲ, ಉಸಿರಿನ ಪರೀಕ್ಷೆಯಲ್ಲಿ ಸೊನ್ನೆ ಬರಬೇಕು. ಬಾಯ್ಲರ್, ಕ್ರೇನ್, ಫೋರ್ಕ್‌ಲಿಫ್ಟ್, ಕರಗಿದ ಲೋಹ, ಹೈಟೆನ್ಷನ್ ಲೈನ್ ಇರುವ ಕಡೆ ಇದಕ್ಕಿಂತ ಸಡಿಲ ನಿಯಮಕ್ಕೆ ಕಾರಣ ಕಾಣುವುದಿಲ್ಲ.

ಸೂಪರ್‌ವೈಸರ್ ಏನು ಮಾಡಬೇಕು? ಎಲ್ಲ ನಿಂತಿರುವುದು ಇವರ ಮೇಲೆ, ತರಬೇತಿ ಸಿಗದೇ ಇರುವುದೂ ಇವರಿಗೇ. ಇವರು ಡಾಕ್ಟರಲ್ಲ. "ನೀವು ಕುಡುಕರಾಗಿದ್ದೀರಿ" ಎನ್ನುವುದು ಇವರ ಕೆಲಸವಲ್ಲ, ಹಾಗೆ ಹೇಳಿದ ಕೂಡಲೇ ಮಾತು ಜಗಳಕ್ಕೆ ತಿರುಗುತ್ತದೆ. ಇವರು ನೋಡಬೇಕಾದ್ದು ಕೆಲಸ: ಎಷ್ಟು ದಿನ ತಡ, ಎಷ್ಟು ಪೀಸ್ ರಿಜೆಕ್ಟ್, ಊಟದ ಬ್ರೇಕಿನ ನಂತರ ಎಷ್ಟು ಹೊತ್ತು ಕಾಣಲಿಲ್ಲ, ಯಾವ ದಿನ ಯಾರ ಮೇಲೆ ಕೂಗಾಡಿದರು, ಎಷ್ಟು ಸಲ ಅಡ್ವಾನ್ಸ್ ಕೇಳಿದರು. ದಿನಾಂಕ, ಗಂಟೆ, ಕಂಡದ್ದು, ಜೊತೆಗಿದ್ದವರ ಹೆಸರು. "ಕುಡಿದ ಹಾಗಿತ್ತು" ಅಂತ ಬರೆಯಬಾರದು, "10.40ಕ್ಕೆ ಮಾತಾಡುವಾಗ ಬಾಯಿಂದ ಮದ್ಯದ ವಾಸನೆ, ಎರಡು ಸಲ ಕೀ ಕೆಳಗೆ ಬಿತ್ತು, ಕೈ ನಡುಕ" ಅಂತ ಬರೆಯಬೇಕು. ಇಂಥ ನಾಲ್ಕಾರು ಟಿಪ್ಪಣಿ ಕೂಡಿದ ಮೇಲೆ ಮಾತಾಡಬೇಕು.

ಮಾತಿಗೆ ಶಿಫ್ಟಿನ ಶುರು ಒಳ್ಳೆಯದು, ಕೊನೆ ಅಲ್ಲ. ಜಾಗ ಬಾಗಿಲು ಹಾಕಿದ ಕೋಣೆ. ಕೂರಲು ಕುರ್ಚಿ ಕೊಟ್ಟು, ಹೆಚ್ಚು ಕಡಿಮೆ ಹೀಗೆ:

"ಕೂತ್ಕೊಳ್ಳಿ. ಮೂರು ತಿಂಗಳ ಹಾಜರಿ ಇದು. ಒಂಬತ್ತು ರಜೆ ಹೇಳದೇ ಹಾಕಿದ್ದೀರಿ, ಅದ್ರಲ್ಲಿ ಆರು ಸೋಮವಾರ. ಹೋದ ವರ್ಷ ಇಡೀ ವರ್ಷಕ್ಕೆ ಎರಡೇ ಇತ್ತು. ಏನಾಯ್ತು?"

"ಮನೇಲಿ ಸ್ವಲ್ಪ ತೊಂದ್ರೆ ಸಾರ್."

"ಇರಬಹುದು. ನಿಮ್ಮ ಮನೆ ವಿಚಾರ ನಾನು ಕೆದಕಲ್ಲ. ಇದು ಹೀಗೇ ಮುಂದುವರಿಯೋ ಹಾಗಿಲ್ಲ, ಅಷ್ಟು ಹೇಳ್ಬೇಕಿತ್ತು. ಕಾರಣ ಆರೋಗ್ಯ ಆಗಿರ್ಲಿ, ಕುಡಿತ ಆಗಿರ್ಲಿ, ಸಾಲ ಆಗಿರ್ಲಿ, ನಮ್ಮಲ್ಲಿ ಕೌನ್ಸೆಲರ್ ಇದ್ದಾರೆ. ಅಲ್ಲಿ ಹೇಳಿದ್ದು ನನಗೆ ಬರೋದಿಲ್ಲ. ನಾಡಿದ್ದು ಬುಧವಾರ ಹತ್ತು ಗಂಟೆಗೆ ಡ್ಯೂಟಿ ಟೈಮಲ್ಲೇ ಹೋಗಿಬನ್ನಿ. ನಾಲ್ಕು ವಾರ ಬಿಟ್ಟು ಇದೇ ಹಾಜರಿ ಇಟ್ಕೊಂಡು ಮತ್ತೆ ಕೂತ್ಕೊಳ್ಳೋಣ."

ಇದರಲ್ಲಿ ಬೈಗುಳವಿಲ್ಲ, ಬೇಡಿಕೆಯೂ ಇಲ್ಲ. ಅಂಕಿ ಇದೆ, ದಿನ ಇದೆ, ದಾರಿ ಇದೆ, ಮುಂದಿನ ಭೇಟಿ ಇದೆ. ಆ ನಾಲ್ಕು ವಾರದ ಭೇಟಿಯನ್ನು ಮರೆತುಬಿಟ್ಟರೆ ಎಲ್ಲ ಹೊಳೆಯಲ್ಲಿ ಹುಣಸೆ ತೊಳೆದ ಹಾಗೆ. ಸೂಪರ್‌ವೈಸರುಗಳು ಎಡವುವುದು ಹೆಚ್ಚಾಗಿ ಅಲ್ಲೇ. ಇನ್ನೊಂದು ತಪ್ಪು ಎಂದರೆ ಮಾತು ಕೊಡಿಸಿಕೊಳ್ಳುವುದು. "ಮಕ್ಕಳ ಮೇಲೆ ಆಣೆ ಮಾಡಿ" ಅಂದರೆ ಮಾಡುತ್ತಾರೆ, ಮಾಡುವಾಗ ಮನಸಾರೆ ಮಾಡುತ್ತಾರೆ. ಆಣೆಯಿಂದ ಅವಲಂಬನೆ ಬಿಡುವುದಿಲ್ಲ. ಮುರಿದ ಮೇಲೆ ನಾಚಿಕೆಗೆ ಇನ್ನಷ್ಟು ಕುಡಿಯುತ್ತಾರೆ.

ಕೌನ್ಸೆಲರ್ ಅಥವಾ ಕಾರ್ಖಾನೆಯ ನರ್ಸ್ ಕೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ (AUDIT) ಎಂಬ, ಕುಡಿತದ ತೊಂದರೆ ಅಳೆಯುವ ಪ್ರಶ್ನಾವಳಿ ಇರಲಿ. ಹತ್ತು ಪ್ರಶ್ನೆ, ಗರಿಷ್ಠ 40 ಅಂಕ. 8ರಿಂದ 15 ಬಂದರೆ ಕುಡಿತ ಅಪಾಯದ ಕಡೆ ವಾಲುತ್ತಿದೆ. ಹತ್ತು ಹದಿನೈದು ನಿಮಿಷದ ನೇರ ಮಾತುಕತೆ, ಮೇಲೆ ಹೇಳಿದ ಡ್ರಿಂಕ್ ಲೆಕ್ಕ, ಕಡಿಮೆ ಮಾಡುವ ಒಂದು ಗುರಿ, ಇಷ್ಟರಲ್ಲೇ ಸುಮಾರು ಜನ ಸುಧಾರಿಸಿಕೊಳ್ಳುತ್ತಾರೆ. 16ರಿಂದ 19ಕ್ಕೆ ಮತ್ತೆ ಮತ್ತೆ ಕೌನ್ಸೆಲಿಂಗ್ ಬೇಕು. 20 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಜ್ಞ ವೈದ್ಯರಿಗೆ ಕಳಿಸಬೇಕು. ಆರನೇ ಪ್ರಶ್ನೆಯನ್ನು ನಿಧಾನವಾಗಿ ಕೇಳಬೇಕು: ರಾತ್ರಿ ಜಾಸ್ತಿಯಾದ ಮಾರನೇ ದಿನ, ಬೆಳಿಗ್ಗೆ ಎದ್ದು ಸರಿಯಾಗಲು ಒಂದು ಗುಟುಕು ಬೇಕಾಗುತ್ತದಾ? "ಹೌದು" ಎಂದರೆ ವಿಷಯ ದೂರ ಹೋಗಿದೆ. ಈ ಹಾಳೆ ಎಚ್‌ಆರ್ ಫೈಲಿಗೆ ಹೋಗಬಾರದು. ಹೋಗುತ್ತದೆ ಎಂಬ ಗುಮಾನಿ ಹುಟ್ಟಿದ ದಿನದಿಂದ ಇಡೀ ಕಾರ್ಖಾನೆಯ ಅಂಕ ಸೊನ್ನೆಗೆ ಇಳಿಯುತ್ತದೆ.

ಇನ್ನು, ಕಣ್ಣ ಮುಂದೆಯೇ ಒಬ್ಬರು ತೂರಾಡುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಮೊದಲು ಮಷಿನ್ ನಿಲ್ಲಿಸಿ ಅವರನ್ನು ಅಲ್ಲಿಂದ ಸರಿಸಬೇಕು. ಎರಡನೆಯದು ಗ್ಲುಕೋಮೀಟರ್. ಇದನ್ನು ಜೋರಾಗಿ ಹೇಳಬೇಕಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ತಿಂಡಿ ಬಿಟ್ಟವರಿಗೆ ಶುಗರ್ 70ಕ್ಕಿಂತ ಕೆಳಗೆ ಇಳಿದರೆ ಬೆವರು, ತೊದಲು, ಸಿಡುಕು, ತೂಕಡಿಕೆ ಎಲ್ಲ ಬರುತ್ತದೆ, ನೋಡುವವರಿಗೆ ಕುಡಿದ ಹಾಗೇ ಕಾಣುತ್ತದೆ. ತಲೆಗೆ ಬಿದ್ದ ಪೆಟ್ಟು, ಲಕ್ವದ ಆರಂಭ, ಫಿಟ್ಸ್ ನಂತರದ ಮಂಕು ಕೂಡ ಹಾಗೆಯೇ. ಕುಡಿದೂ ಇರಬಹುದು, ಶುಗರೂ ಇಳಿದಿರಬಹುದು. ಊಟ ಬಿಟ್ಟು ಕುಡಿಯುವವರಲ್ಲಿ ಎರಡೂ ಜೊತೆಗೇ ಬರುತ್ತವೆ. "ಒಂದು ಕಡೆ ಮಲಗಿಸಿ, ಇಳಿದ ಮೇಲೆ ಏಳ್ತಾನೆ" ಎಂದು ಸ್ಟೋರ್ ರೂಮಿನಲ್ಲಿ ಬಿಟ್ಟುಬರುವುದು ಅತ್ಯಂತ ಅಪಾಯದ ಕೆಲಸ. ಎಬ್ಬಿಸಿದರೂ ಏಳದಿದ್ದರೆ ಒಂದು ಮಗ್ಗುಲಿಗೆ ತಿರುಗಿಸಿ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರವಿದ್ದರೆ ಪರೀಕ್ಷೆ ಮುಗಿಸಿ ಮನೆಯವರನ್ನು ಕರೆಸಿಯೋ ಕಂಪನಿ ಗಾಡಿಯಲ್ಲೋ ಕಳಿಸಬೇಕು. ಬೈಕ್ ಕೀ ಕೊಟ್ಟು "ಮನೆಗೆ ಹೋಗಿ" ಅನ್ನುವಂತಿಲ್ಲ. ವಿವರಣೆ ಕೇಳುವುದು, ಸಹಿ ಹಾಕಿಸಿಕೊಳ್ಳುವುದು ಎಲ್ಲ ಮಾರನೇ ದಿನಕ್ಕೆ. ಅಮಲಿನಲ್ಲಿ ಹಾಕಿದ ಸಹಿಗೆ ಬೆಲೆಯಿಲ್ಲ.

ಉಸಿರಿನ ಪರೀಕ್ಷೆಯ ಉಪಕರಣದಲ್ಲಿ ತಪ್ಪುಗಳು ಸಣ್ಣವು, ಪರಿಣಾಮ ದೊಡ್ಡದು. ಫ್ಯೂಯೆಲ್ ಸೆಲ್ ಸೆನ್ಸರ್ ಇರುವ ಮೀಟರನ್ನೇ ಕೊಳ್ಳಬೇಕು. ಅಗ್ಗದ ಸೆಮಿಕಂಡಕ್ಟರ್ ಮೀಟರುಗಳು ಬೇರೆ ಆವಿಗಳಿಗೂ ಓಗೊಡುತ್ತವೆ. ತಯಾರಕರು ಹೇಳಿದ ಅವಧಿಗೆ ಕ್ಯಾಲಿಬ್ರೇಶನ್ ಮಾಡಿಸಿ ಸರ್ಟಿಫಿಕೇಟ್ ಇಟ್ಟುಕೊಳ್ಳಬೇಕು. ಒಬ್ಬರಿಗೆ ಒಂದು ಹೊಸ ಮೌತ್‌ಪೀಸ್. ಪರದೆಯ ಮೇಲೆ ಯಾವ ಮಾನದಲ್ಲಿ ಅಂಕಿ ಬರುತ್ತಿದೆ ನೋಡಬೇಕು: ರಕ್ತದ 30 ಮಿಲಿಗ್ರಾಂ ಎನ್ನುವುದು ಒಂದು ಮೀಟರಿನಲ್ಲಿ 30 ಅಂತ, ಇನ್ನೊಂದರಲ್ಲಿ 0.03 ಅಂತ, ಉಸಿರಿನ ಲೀಟರ್ ಲೆಕ್ಕ ತೋರಿಸುವುದರಲ್ಲಿ 0.14 ಅಂತ ಬರುತ್ತದೆ. 0.14 ನೋಡಿ "ಏನೂ ಇಲ್ಲ" ಎಂದು ಒಳಗೆ ಬಿಟ್ಟರೆ ಮುಗಿಯಿತು. ಬಾಯಿ ಮುಕ್ಕಳಿಸುವ ದ್ರಾವಣ, ಹೋಮಿಯೋಪತಿ ಹನಿ, ಕೆಲವು ಕೆಮ್ಮಿನ ಔಷಧಿಗಳಲ್ಲಿ ಆಲ್ಕೋಹಾಲ್ ಇರುತ್ತದೆ, ಅದು ಬಾಯಲ್ಲಿ ಉಳಿದು ಅಂಕಿ ಏರಿಸುತ್ತದೆ. ಗೇಟಿನಲ್ಲಿ ಕೈಗೆ ಸ್ಯಾನಿಟೈಸರ್ ಸುರಿದು ಅಲ್ಲೇ ಊದಿಸಿದರೂ ಇದೇ ಕತೆ. ಹಾಗಾಗಿ ಅಂಕಿ ಬಂದರೆ ಕೈಬಾಯಿ ತೊಳೆಸಿ, 15 ನಿಮಿಷ ಏನೂ ತಿನ್ನದೆ ಕುಡಿಯದೆ ಕೂರಿಸಿ ಎರಡನೇ ಸಲ ಊದಿಸಬೇಕು. ಎರಡೂ ಅಂಕಿ, ಎರಡೂ ಸಮಯ ಬರೆಯಬೇಕು. ನಿಜವಾಗಿ ಕುಡಿದಿದ್ದರೆ ಎರಡನೆಯದೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ.

ಬರೀ ವಾಸನೆ ನಂಬಿ ಶಿಕ್ಷೆಗೆ ಹೋಗಬಾರದು ಅನ್ನುವುದಕ್ಕೆ ಕಾನೂನಿನ ಕಾರಣವೂ ಇದೆ. ಬಚ್ಚೂಭಾಯಿ ಹಸನಲ್ಲಿ ಕರಿಯಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1971ರಲ್ಲಿ, ರಕ್ತ ಅಥವಾ ಮೂತ್ರದ ಪರೀಕ್ಷೆ ಮಾಡಿಸದೆ ಬಾಯಿಯ ವಾಸನೆ, ತೂರಾಟ, ಅಗಲವಾದ ಕಣ್ಣಪಾಪೆ, ತೊದಲು ಇಷ್ಟನ್ನೇ ಹಿಡಿದು ಕುಡಿದಿದ್ದರು ಎಂದು ತೀರ್ಮಾನಿಸಲಾಗದು ಎಂದಿತು. ಅದು ವಾಹನ ಓಡಿಸಿದ ಕ್ರಿಮಿನಲ್ ಕೇಸು. ಇಲಾಖಾ ವಿಚಾರಣೆಗೆ ಅಷ್ಟು ಕಟ್ಟುನಿಟ್ಟಿನ ಸಾಕ್ಷ್ಯ ಬೇಕಿಲ್ಲವಾದರೂ, ಅಂಕಿಯಿಲ್ಲದ ಪ್ರಕರಣ ಲೇಬರ್ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಪರೀಕ್ಷೆಗೆ ಒಪ್ಪದಿದ್ದರೆ ಬಲವಂತ ಮಾಡುವಂತಿಲ್ಲ. ಒಪ್ಪಲಿಲ್ಲ ಎಂಬುದನ್ನೇ ಇಬ್ಬರು ಸಾಕ್ಷಿಗಳ ಎದುರು ಬರೆದು ಆ ದಿನ ಕೆಲಸದಿಂದ ಹೊರಗಿಡಬೇಕು. ಅಮಾನತು ಮಾಡಿದರೆ ವಿಚಾರಣೆಯ ಮೊದಲ 90 ದಿನ ಅರ್ಧ ಸಂಬಳದಷ್ಟು ಜೀವನಾಧಾರ ಭತ್ಯೆ, ನೌಕರರ ನಡತೆ ಕಾರಣವಲ್ಲದೆ ಇನ್ನೂ ತಡವಾದರೆ ಮುಕ್ಕಾಲು ಭಾಗ ಕೊಡಬೇಕಾಗುತ್ತದೆ ಎಂಬುದೂ ನೆನಪಿರಲಿ. ಕಾರ್ಮಿಕರ ಕಡೆಗೆ ಹೇಳಬೇಕಾದ್ದೂ ಒಂದಿದೆ: ಪರಿಹಾರದ ಕಾನೂನಿನ ಪ್ರಕಾರ, ಅಮಲಿನಿಂದಾಗಿ ಆದ ಗಾಯಕ್ಕೆ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆಗದ ಹೊರತು, ಮಾಲೀಕರು ಪರಿಹಾರ ಕೊಡಬೇಕಿಲ್ಲ. ಎರಡು ಬೆರಳು ಹೋದರೆ ಬೆರಳೂ ಇಲ್ಲ, ದುಡ್ಡೂ ಇಲ್ಲ. ಯೂನಿಯನ್ನಿನವರು ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕು.

ಗಾಂಜಾ, ಮಾತ್ರೆಗಳ ವಿಷಯ ಬೇರೆ. ಇವಕ್ಕೆ ಮೂತ್ರದ ಪರೀಕ್ಷೆ, ಅದು ಉಸಿರಿನ ಪರೀಕ್ಷೆಯಂತೆ "ಈಗ ಅಮಲಿನಲ್ಲಿದ್ದಾರೆ" ಎಂದು ಹೇಳುವುದಿಲ್ಲ. ಎಂದೋ ಒಮ್ಮೆ ಗಾಂಜಾ ಸೇದಿದವರಲ್ಲಿ ಮೂರು ನಾಲ್ಕು ದಿನ, ದಿನಾ ಸೇದುವವರಲ್ಲಿ ತಿಂಗಳವರೆಗೂ ಅದು ಪಾಸಿಟಿವ್ ತೋರಿಸುತ್ತಿರುತ್ತದೆ. ಸ್ಟ್ರಿಪ್ ಕಿಟ್ಟಿನದು ಬರೀ ಪ್ರಾಥಮಿಕ ಸುಳಿವು. ಮಾಸ್ ಸ್ಪೆಕ್ಟ್ರೋಮೀಟರ್ ಇರುವ ಲ್ಯಾಬಿನಲ್ಲಿ ಖಚಿತಪಡಿಸದೆ ಯಾರ ಮೇಲೂ ಕ್ರಮ ಸಲ್ಲದು. ಕೊಡೀನ್ ಇರುವ ಕೆಮ್ಮಿನ ಸಿರಪ್ ಕುಡಿದವರಿಗೆ ಓಪಿಯಾಯ್ಡ್ ಪಾಸಿಟಿವ್ ಬರುತ್ತದೆ. ನಮ್ಮ ಗಸಗಸೆ ಪಾಯಸಕ್ಕೂ ಬರಬಹುದು. ಗಸಗಸೆಯಲ್ಲಿ ಮಾರ್ಫಿನ್ ಅಂಶ ಉಳಿದಿರುತ್ತದೆ, ಇದೇ ಕಾರಣಕ್ಕೆ ಅಮೆರಿಕ 1998ರಲ್ಲಿ ಸರ್ಕಾರಿ ನೌಕರರ ಪರೀಕ್ಷೆಯ ಮಿತಿಯನ್ನು 300 ನ್ಯಾನೋಗ್ರಾಂನಿಂದ 2,000ಕ್ಕೆ ಏರಿಸಿತು. ಮಾರುಕಟ್ಟೆಯಲ್ಲಿ 300ರ ಕಿಟ್ಟುಗಳು ಇನ್ನೂ ಇವೆ. ಯುಗಾದಿಯ ಮಾರನೇ ದಿನ ಅಂಥ ಕಿಟ್ ಹಿಡಿದು ನಿಂತರೆ ಏನೂ ತಪ್ಪು ಮಾಡದವರು ಸಿಕ್ಕಿಬೀಳುತ್ತಾರೆ. ಪರೀಕ್ಷೆಗೆ ಮುಂಚೆ ಒಂದು ವಾರದಲ್ಲಿ ತೆಗೆದುಕೊಂಡ ಔಷಧಿಗಳನ್ನು ಡಾಕ್ಟರ್ ಮುಂದೆ, ಸೂಪರ್‌ವೈಸರ್ ಮುಂದಲ್ಲ, ಬರೆಸಿಕೊಳ್ಳುವುದು ಇದಕ್ಕೇ. ವ್ಯಸನಿಯಾದವರು ತಾವಾಗಿ ಚಿಕಿತ್ಸೆಗೆ ಬಂದರೆ, ಸೇವನೆ ಮತ್ತು ಅಲ್ಪ ಪ್ರಮಾಣದ ಅಪರಾಧಗಳಲ್ಲಿ ಮೊಕದ್ದಮೆಯಿಂದ ರಕ್ಷಣೆಗೆ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಲ್ಲಿ ಅವಕಾಶವಿದೆ. ಪೊಲೀಸ್ ಭಯಕ್ಕೆ ಬಾಯಿ ಬಿಡದ ಹುಡುಗರಿಗೆ ಈ ಮಾತು ತಲುಪಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. "ನಾಳೆಯಿಂದ ಒಂದು ಹನಿ ಮುಟ್ಟಿದರೂ ಕೆಲಸ ಇಲ್ಲ" ಎಂದು ಗದರಿಸಿದಿರಿ ಅಂತಿಟ್ಟುಕೊಳ್ಳಿ. ದಿನಾ ಎರಡು ಕ್ವಾರ್ಟರ್ ಕುಡಿಯುತ್ತಿದ್ದ ಮನುಷ್ಯ ಹೆದರಿ ಆ ರಾತ್ರಿಯೇ ಬಿಟ್ಟರು. ಕೊನೆಯ ಗುಟುಕಿನ ಆರೆಂಟು ಗಂಟೆಯ ನಂತರ ಕೈ ನಡುಕ, ಬೆವರು, ವಾಂತಿ, ನಿದ್ದೆಗೇಡು ಶುರು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಅದು ಲೇತ್ ಮುಂದೆಯೂ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಇಲ್ಲದ್ದು ಕಾಣುತ್ತದೆ, ದಿನ ಜಾಗ ತಿಳಿಯುವುದಿಲ್ಲ, ಜ್ವರ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಒಳ್ಳೆಯ ಮನಸ್ಸಿನಿಂದ ಕೊಟ್ಟ ಎಚ್ಚರಿಕೆಯೇ ಕೊಲ್ಲುವ ಸಾಧ್ಯತೆ ಇರುವುದು ಇಲ್ಲಿ. ಬೆಳಗಿನ ಗುಟುಕು ಬೇಕಾಗುವವರು, ಹಿಂದೊಮ್ಮೆ ಬಿಟ್ಟಾಗ ಫಿಟ್ಸ್ ಬಂದವರು ಡಾಕ್ಟರ ಕಣ್ಣಳತೆಯಲ್ಲೇ ಬಿಡಬೇಕು. ಆಸ್ಪತ್ರೆಯಲ್ಲಿ ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಲೊರಾಜೆಪಾಮ್ ಕೊಟ್ಟು ಐದರಿಂದ ಏಳೆಂಟು ದಿನದಲ್ಲಿ ಹಂತಹಂತವಾಗಿ ಇಳಿಸುತ್ತಾರೆ, ಥಯಮಿನ್ ವಿಟಮಿನ್ ಹಾಕುತ್ತಾರೆ. ಬರೀ ಗ್ಲೂಕೋಸ್ ಬಾಟಲಿ ಏರಿಸಿ ಕಳಿಸುವ ನರ್ಸಿಂಗ್ ಹೋಮುಗಳಿವೆ. ಥಯಮಿನ್ ಇಲ್ಲದೆ ಗ್ಲೂಕೋಸ್ ಕೊಟ್ಟರೆ ಮೆದುಳಿಗೆ ಹಾನಿಯಾಗಬಹುದು.

ನಂಜು ಇಳಿಸುವುದು ಚಿಕಿತ್ಸೆಯ ಮೊದಲ ವಾರ ಮಾತ್ರ. ಆಮೇಲೆ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ. ಕುಡಿದರೆ ಮೈಯೆಲ್ಲ ಉರಿದು ಎದೆ ಬಡಿದುಕೊಳ್ಳುವಂತೆ ಮಾಡುವ ಡೈಸಲ್ಫಿರಾಮ್ ಇದೆ. ಇದನ್ನು ಸಾಂಬಾರಿನಲ್ಲಿ ಬೆರೆಸಿ ಗೊತ್ತಿಲ್ಲದೆ ಉಣಿಸುವ ಅಭ್ಯಾಸ ನಮ್ಮ ಮನೆಗಳಲ್ಲಿದೆ, ಅಂಗಡಿಗಳಲ್ಲಿ "ಗೊತ್ತಾಗದ ಹಾಗೆ ಕುಡಿತ ಬಿಡಿಸುವ ಪುಡಿ" ಎಂದು ಮಾರುವುದೂ ಇದೆ. ರಕ್ತದೊತ್ತಡ ಕುಸಿದು ಪ್ರಾಣ ಹೋಗುವ ಅಪಾಯ ಇರುವುದರಿಂದ ರೋಗಿಗೆ ಹೇಳದೆ ಇದನ್ನು ಕೊಡಲೇಬಾರದು. ಎಚ್‌ಆರ್‌ನವರು ಮನೆಯವರ ಜೊತೆ ಮಾತಾಡುವ ಸಂದರ್ಭ ಬಂದರೆ ಮೊದಲು ಇದನ್ನೇ ತಿಳಿಸಲಿ.

ಎಲ್ಲಿಗೆ ಕಳಿಸಬೇಕು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ. ಕೆಎಸ್‌ಆರ್‌ಟಿಸಿ ತನ್ನ ಸಿಬ್ಬಂದಿಗಾಗಿ ನಿಮ್ಹಾನ್ಸ್ ಜೊತೆ ಸೇರಿ ಇಂಥ ಕಾರ್ಯಕ್ರಮ ನಡೆಸಿದ ಉದಾಹರಣೆ ನಮ್ಮ ಮುಂದೆಯೇ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರ, ಅದರ ನಂತರದ ನವಜೀವನ ಸಮಿತಿಯ ಒಡನಾಟ ಎಷ್ಟೋ ಜನರಿಗೆ ಆಸರೆಯಾಗಿದೆ. ಫಿಟ್ಸ್ ಅಥವಾ ಸನ್ನಿಯ ಇತಿಹಾಸ ಇರುವವರು ಮೊದಲು ಆಸ್ಪತ್ರೆ, ಆಮೇಲೆ ಶಿಬಿರ ಎಂಬ ಕ್ರಮ ಇಟ್ಟುಕೊಳ್ಳಬೇಕು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446 ಎರಡನ್ನೂ ಕ್ಯಾಂಟೀನಿನಲ್ಲಿ ಮತ್ತು ಶೌಚಾಲಯದ ಬಾಗಿಲ ಒಳಮೈಯಲ್ಲಿ ಅಂಟಿಸಬೇಕು, ಯಾರೂ ನೋಡದ ಜಾಗದಲ್ಲಿ ನಂಬರ್ ಬರೆದುಕೊಳ್ಳಲು ಆಗುವಂತೆ. ಖಾಸಗಿ ಕೇಂದ್ರವಾದರೆ ಮಾನಸಿಕ ಆರೋಗ್ಯ ಕಾಯ್ದೆ 2017ರ ಅಡಿ ನೋಂದಣಿ ಇದೆಯಾ ಕೇಳಿ. ವ್ಯಾನ್ ತಂದು ಎತ್ತಿಕೊಂಡು ಹೋಗುತ್ತೇವೆ, ಮೂರು ತಿಂಗಳು ಮನೆಯವರು ನೋಡಬಾರದು ಎನ್ನುವ ಜಾಗಕ್ಕೆ ಯಾರನ್ನೂ ಕಳಿಸಬೇಡಿ. ಮದ್ಯ ಮತ್ತು ಮಾದಕವಸ್ತುಗಳಿಂದಾದ ಮಾನಸಿಕ ತೊಂದರೆಯನ್ನು ಇದೇ ಕಾಯ್ದೆ ಕಾಯಿಲೆ ಎಂದು ಒಪ್ಪಿದೆ, ರೋಗಿಯ ಗೋಪ್ಯತೆಯನ್ನು ಹಕ್ಕು ಎಂದಿದೆ. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇರುವವರು ವೈದ್ಯರ ಸರ್ಟಿಫಿಕೇಟ್ ಮೇಲೆ ಅನಾರೋಗ್ಯ ಭತ್ಯೆ ಕೇಳಬಹುದು: ವರ್ಷಕ್ಕೆ 91 ದಿನದವರೆಗೆ, ಕೂಲಿಯ ಶೇ 70. ರಜೆ ಚೀಟಿಯಲ್ಲಿ "ವೈದ್ಯಕೀಯ ಚಿಕಿತ್ಸೆ" ಅಷ್ಟೇ ಸಾಕು.

ಚಿಕಿತ್ಸೆ ಮುಗಿಸಿ ಬಂದ ಮೇಲಿನ ಮೊದಲ ಮೂರು ತಿಂಗಳು ಕಷ್ಟದ ಕಾಲ. ಆ ದಿನಗಳಿಗೆ ಒಂದು ಪುಟದ ಲಿಖಿತ ಒಪ್ಪಂದ ಬೇಕು: ಫಾಲೋಅಪ್ ತಾರೀಖುಗಳು, ಒಂದು ವರ್ಷ ಮುನ್ಸೂಚನೆಯಿಲ್ಲದ ಉಸಿರಿನ ಪರೀಕ್ಷೆಗೆ ಒಪ್ಪಿಗೆ, ತಪ್ಪಿದರೆ ಏನು ಎಂಬುದು. ನೌಕರ, ಮೇಲಧಿಕಾರಿ, ಯೂನಿಯನ್ ಪ್ರತಿನಿಧಿ ಮೂವರ ಸಹಿ. ಮೊದಲ ಕೆಲವು ವಾರ ನೈಟ್ ಶಿಫ್ಟ್, ಎತ್ತರದ ಕೆಲಸ, ಡ್ರೈವಿಂಗ್ ಬೇಡ. ಹಗಲಿನ ನಿಯಮಿತ ಶಿಫ್ಟ್ ಕೊಡಿ. ಸಂಬಳ ಬೀಳುವ ಸಂಜೆ ಕೌನ್ಸೆಲರ್ ಭೇಟಿ ಇಟ್ಟರೆ ಒಳ್ಳೆಯದು. ಸಂಬಳದ ಒಂದು ಭಾಗ ಹೆಂಡತಿಯ ಖಾತೆಗೆ ಹೋಗಲಿ ಎಂಬುದು ಅವರೇ ಬರೆದುಕೊಟ್ಟರೆ ಮಾತ್ರ. ಜಾರಿದರೆ? ಒಮ್ಮೆ ಜಾರಿ ಮಾರನೇ ದಿನ ತಾವಾಗಿ ಬಂದು ಹೇಳಿದವರನ್ನು ಮತ್ತೆ ಡಾಕ್ಟರ ಹತ್ತಿರ ಕಳಿಸಬೇಕು. ಮುಚ್ಚಿಟ್ಟು ಅಮಲಿನಲ್ಲಿ ಕ್ರೇನ್ ಹತ್ತಿದವರ ಮೇಲೆ ಶಿಸ್ತಿನ ಕ್ರಮ ನಡೆಯಲೇಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1995ರಲ್ಲಿ ಒಪ್ಪಿದ ಸಂಹಿತೆಯೂ ಇದನ್ನೇ ಹೇಳುತ್ತದೆ: ಇದನ್ನು ಆರೋಗ್ಯದ ಸಮಸ್ಯೆಯೆಂದು ನೋಡಿ, ಶಿಸ್ತಿಗಿಂತ ಚಿಕಿತ್ಸೆಗೆ ಮೊದಲ ಆದ್ಯತೆ ಕೊಡಿ, ಆದರೆ ಕೆಲಸಕ್ಕೆ ಸಂಬಂಧಿಸಿದ ದುರ್ನಡತೆಗೆ ಶಿಸ್ತಿನ ಅಧಿಕಾರ ಮಾಲೀಕರಿಗೆ ಇದ್ದೇ ಇದೆ.

ಸಂಸ್ಥೆಗಳು ತಮ್ಮ ಕಡೆಯನ್ನೂ ನೋಡಿಕೊಳ್ಳಬೇಕು. ಹನ್ನೆರಡು ಗಂಟೆಯ ಡಬಲ್ ಡ್ಯೂಟಿ, ವಾರ ವಾರ ಬದಲಾಗುವ ಶಿಫ್ಟಿನಿಂದ ಕೆಟ್ಟ ನಿದ್ದೆ, ಸುರಕ್ಷತಾ ಸಾಧನವಿಲ್ಲದೆ ಮ್ಯಾನ್‌ಹೋಲಿನ ಹತ್ತಿರ ದುಡಿಸುವುದು, ಇವೆಲ್ಲ ಕುಡಿಸುತ್ತವೆ. ನಾತ ತಡೆಯಲಾಗದೆ ಕುಡಿದು ಇಳಿಯುವವರಿಗೆ ಕುಡಿಯಬೇಡಿ ಎನ್ನುವುದಕ್ಕಿಂತ ಮೊದಲು ಆ ಕೆಲಸಕ್ಕೆ ಯಂತ್ರ ತರಬೇಕು. ತೋಟಗಳಲ್ಲಿ ಬಟವಾಡೆಯ ದಿನ ಸಂತೆಯ ದಿನವೇ ಆಗಿದ್ದರೆ ದುಡ್ಡು ಮನೆ ಸೇರುವ ಮುಂಚೆ ಅಂಗಡಿ ಸೇರುತ್ತದೆ. ಬಟವಾಡೆಯನ್ನು ವಾರದ ನಡುವಿಗೆ ಸರಿಸಲು ಖರ್ಚಿಲ್ಲ. ಐಟಿ ಕಂಪನಿಗಳು ಟೀಮ್ ಔಟಿಂಗ್‌ಗೆ ತಾವೇ ಮದ್ಯದ ಬಿಲ್ ಕಟ್ಟಿ, ಕುಡಿಯದವರನ್ನು ಗೇಲಿ ಮಾಡುವ ವಾತಾವರಣ ಬೆಳೆಸಿ, ಸೋಮವಾರ ವೆಲ್‌ನೆಸ್ ಮೇಲ್ ಕಳಿಸುವುದನ್ನು ಬಿಡಬೇಕು. ನಿಯಮ ಎಂಡಿಯಿಂದ ಕಾಂಟ್ರಾಕ್ಟ್ ಕಾರ್ಮಿಕರವರೆಗೆ ಒಂದೇ ಇರಬೇಕು. ಒಡಿಶಾ, ಬಿಹಾರ, ಉತ್ತರ ಕರ್ನಾಟಕದಿಂದ ಬಂದು ಶೆಡ್ಡಿನಲ್ಲಿ ಮಲಗುವ ಗುತ್ತಿಗೆ ಹುಡುಗರಿಗೆ ಕೌನ್ಸೆಲರೂ ಇಲ್ಲ, ಇಎಸ್‌ಐ ಕಾರ್ಡೂ ಎಷ್ಟೋ ಸಲ ಕೈಯಲ್ಲಿ ಇರುವುದಿಲ್ಲ. ಒಮ್ಮೆ ವಾಸನೆ ಬಂದರೆ ಮೇಸ್ತ್ರಿ ಮಾರನೇ ದಿನ ಬೇರೆಯವರನ್ನು ಕರೆತರುತ್ತಾರೆ. ಗುತ್ತಿಗೆಯ ಕರಾರಿನಲ್ಲೇ ಎರಡು ಸಾಲು ಸೇರಿಸಿದರೆ ಇದು ಬದಲಾಗುತ್ತದೆ: ಮೊದಲ ಸಲ ಸಿಕ್ಕಿಬಿದ್ದವರನ್ನು ಕೂಲಿಯಿಂದ ತೆಗೆಯುವಂತಿಲ್ಲ, ವೈದ್ಯರ ಬಳಿ ಕಳಿಸಬೇಕು, ಮತ್ತು ಆ ದಿನದ ಖರ್ಚನ್ನು ಮುಖ್ಯ ಕಂಪನಿ ಭರಿಸಬೇಕು.